ಅಡ್ಡಿ ಎಂದು ಬರೆದದ್ದನ್ನು ಮತ್ತೊಮ್ಮೆ ಓದಿ

ಪ್ರಶ್ನೆ:

ನನಗೆ 26 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಮೂರು ಎಕರೆ ಮಳೆಯಾಶ್ರಿತ ಹೊಲ, ಮೆಕ್ಕೆಜೋಳ, ಒಂದಿಷ್ಟು ಮೆಣಸಿನಕಾಯಿ. ಬಿ.ಎ. ಮುಗಿಸಿದ ಮೇಲೆ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇದು ನಾಲ್ಕನೇ ವರ್ಷ. ಪೊಲೀಸ್ ಇಲಾಖೆಯ ಪಿಎಸ್‌ಐ, ಪಂಚಾಯಿತಿಯ ಪಿಡಿಒ, ಸರ್ಕಾರಿ ಕಚೇರಿಯ ಎಫ್‌ಡಿಎ, ಬ್ಯಾಂಕ್ ಕ್ಲರ್ಕ್, ಯಾವುದು ಕರೆದರೂ ಅರ್ಜಿ ಹಾಕಿದ್ದೇನೆ. ಎರಡು ಸಲ ಕಟ್‌ಆಫ್ ಹತ್ತಿರ ಬಂದು ತಪ್ಪಿತು. ಕನ್ನಡ, ರೀಸನಿಂಗ್ ಚೆನ್ನಾಗಿ ಹೋಗುತ್ತವೆ. ಸಾಮಾನ್ಯ ಜ್ಞಾನದಲ್ಲಿ ಇಸವಿ, ಸಂವಿಧಾನದ ವಿಧಿಗಳು, ಪ್ರಶಸ್ತಿಗಳ ಹೆಸರು ಕಲಸಿಕೊಂಡು, ಗಳಿಸಿದ ಅಂಕಗಳೆಲ್ಲ ನೆಗೆಟಿವ್ ಮಾರ್ಕ್ಸ್‌ನಲ್ಲಿ ಕೊಚ್ಚಿಹೋಗುತ್ತವೆ.

ಓದಲು ಕೂತರೆ ಅಡ್ಡಿಗಳೂ ಜಾಸ್ತಿ. ರೂಮಿನ ಹುಡುಗರು ಶೇಕಡಾ, ಲಾಭ-ನಷ್ಟದ ಲೆಕ್ಕ ತಿಳಿಯದೆ ನನ್ನ ಹತ್ತಿರ ಬರುತ್ತಾರೆ. ಕೋಚಿಂಗ್‌ನಲ್ಲಿ ಅದನ್ನು ಹೇಳಿಕೊಡುವ ರೀತಿ ಕೇಳಿದರೆ ನನಗೇ ಸಂಕಟವಾಗುತ್ತದೆ, ಅಷ್ಟು ಸರಳವಾದದ್ದನ್ನು ಅಷ್ಟು ತಿರುಚುತ್ತಾರೆ. ನಾನು ಬಿಡಿಸಿ ಹೇಳುತ್ತ ಕೂತರೆ ರಾತ್ರಿ ಹನ್ನೊಂದಾಗುತ್ತದೆ. ಊರಿಂದಲೂ ಫೋನು ತಪ್ಪುವುದಿಲ್ಲ. ಪಹಣಿಯಲ್ಲಿ ಹೆಸರು ತಪ್ಪಿದೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಆಗಿಲ್ಲ, ಬೆಳೆ ವಿಮೆ ತುಂಬುವುದು ಹೇಗೆ ಅಂತ ಕೇಳುತ್ತಲೇ ಇರುತ್ತಾರೆ. ಹೋದ ಮುಂಗಾರಿನಲ್ಲಿ ಊರಿಗೆ ಹೋದಾಗ, ವಿಮೆಗೆ ಏನೇನು ಕಾಗದ ಬೇಕು, ಯಾವ ತಾರೀಖಿನೊಳಗೆ ಎಲ್ಲಿ ಕೊಡಬೇಕು ಅಂತ ದೊಡ್ಡ ಹಾಳೆಯಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿ ಬಂದೆ. ಅದರಲ್ಲೇ ಎರಡು ದಿನ ಹೋಯಿತು. ಅಪ್ಪ ಬೈದರು.

ಗೆಳೆಯರಲ್ಲಿ ಒಬ್ಬ ಚೆನ್ನಾಗಿ ಹಾಡುತ್ತಾನೆ, ಇನ್ನೊಬ್ಬ ಓಟದಲ್ಲಿ ಮುಂದೆ. ನನ್ನಲ್ಲಿ ಅಂಥದ್ದೇನೂ ಇಲ್ಲ. ಹುಬ್ಬಳ್ಳಿಯಲ್ಲಿ ಬೆರಳಚ್ಚು ಸ್ಕ್ಯಾನ್ ಮಾಡಿ, ಹುಟ್ಟುಗುಣ ಏನು, ಯಾವ ಕೆಲಸ ಹೊಂದುತ್ತದೆ ಅಂತ ವರದಿ ಕೊಡುತ್ತಾರಂತೆ. ಐದು ಸಾವಿರ ರೂಪಾಯಿ. ಮಾಡಿಸಲೇ? ನನಗೆ ಯಾವ ಕೆಲಸ ಸರಿ?

– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ:

ಬೆರಳಚ್ಚಿನ ವಿಷಯ ಮೊದಲು ಮುಗಿಸೋಣ. ಮಾಡಿಸಬೇಡಿ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲಿರುವಾಗಲೇ ಮೂಡಿ ನಿಲ್ಲುತ್ತವೆ. ಮನುಷ್ಯನ ಗುರುತು ಹಿಡಿಯಲು ಅವು ಬೇಕು. ಅವನು ಲೆಕ್ಕದಲ್ಲಿ ಚುರುಕೋ ಮಾತಿನಲ್ಲಿ ಚುರುಕೋ ಎಂದು ಅವುಗಳಿಂದ ತಿಳಿಯುತ್ತದೆ ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಡಿಎಂಐಟಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ವರದಿಗಳಲ್ಲಿ, ಹಾವರ್ಡ್ ಗಾರ್ಡ್‌ನರ್ 1983ರಲ್ಲಿ ಮಂಡಿಸಿದ ಬಹುಮುಖ ಬುದ್ಧಿಮತ್ತೆಯ ಸಿದ್ಧಾಂತವನ್ನು ಎಳೆದು ತಂದಿರುತ್ತಾರೆ. ಬೆರಳು ನೋಡಿ ಬುದ್ಧಿ ಅಳೆಯಬಹುದು ಎಂಬ ಮಾತು ಆ ಸಿದ್ಧಾಂತದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಐದು ಸಾವಿರ ರೂಪಾಯಿ ಒಂದೆರಡು ತಿಂಗಳ ರೂಮಿನ ಬಾಡಿಗೆ. ಅದನ್ನು ಹಾಗೇ ಇಟ್ಟುಕೊಳ್ಳಿ.

ನೀವು ಕೇಳಿದ ವರದಿಯನ್ನು ನೀವೇ ಬರೆದು ಕಳಿಸಿದ್ದೀರಿ ಎಂದು ನನಗನ್ನಿಸುತ್ತದೆ. ನಿಮ್ಮ ಪತ್ರದ ಎರಡನೇ ಪ್ಯಾರಾ ತೆಗೆದು ಓದಿ. ‘ಅಡ್ಡಿ’ ಎಂದು ಶುರುವಾಗುವ ಆ ಭಾಗದಲ್ಲಿ ನಿಮ್ಮ ಬಗ್ಗೆ ಇರುವಷ್ಟು ಮಾಹಿತಿ ಉಳಿದ ಪತ್ರದಲ್ಲೆಲ್ಲೂ ಇಲ್ಲ. ಮೊದಲ ಪ್ಯಾರಾದಲ್ಲಿ ಇರುವುದು ಪರೀಕ್ಷೆಗಳ ಹೆಸರು ಮಾತ್ರ. ಸಹಜ ಸಾಮರ್ಥ್ಯ ಎಂದರೆ ವೇದಿಕೆ ಹತ್ತಿ ಹಾಡುವಂಥದ್ದು, ಪದಕ ಗೆಲ್ಲುವಂಥದ್ದು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಸಿಕ್ಕಿದ್ದಷ್ಟೇ ಪ್ರತಿಭೆ ಎನ್ನಿಸಿಕೊಂಡಿತು. ಹೆಚ್ಚಿನವರ ಬಲ ಕಣ್ಣಿಗೆ ಹೊಡೆಯುವಂತೆ ಇರುವುದಿಲ್ಲ. ಅದು ಇರುವವನಿಗೆ ಎಷ್ಟು ಸಲೀಸೆಂದರೆ, ಅದೂ ಒಂದು ವಿದ್ಯೆ ಎಂದು ಅವನಿಗೆ ಹೊಳೆಯುವುದೇ ಇಲ್ಲ. ‘ಅಷ್ಟು ಸರಳವಾದದ್ದನ್ನು’ ಎಂದು ಬರೆದಿದ್ದೀರಲ್ಲ, ಅದು ನಿಮಗೆ ಸರಳ. ನಿಮ್ಮ ರೂಮಿನವರಿಗೆ ಅಲ್ಲ, ಸಂಬಳ ತೆಗೆದುಕೊಂಡು ಕಲಿಸುವವರಿಗೂ ಅಲ್ಲ.

ಜನ ಯಾವುದಕ್ಕಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ಒಂದು ಗುರುತು. ಅದಕ್ಕಿಂತ ಗಟ್ಟಿಯಾದ ಗುರುತು ಇನ್ನೊಂದಿದೆ. ಒಂದು ಕೆಲಸವನ್ನು ಬೇರೆಯವರು ಕೆಟ್ಟದಾಗಿ ಮಾಡುವುದನ್ನು ಕಂಡಾಗ ಹೊಟ್ಟೆಯಲ್ಲಿ ಏಳುವ ಸಂಕಟ. ಶ್ರುತಿ ತಪ್ಪಿದರೆ ಹಾಡುಗಾರನಿಗೆ ಆಗುವುದು ಅದೇ. ನಿಮಗೆ ಅದು ಆಗುವುದು, ತಿಳಿಯಬಹುದಾದ್ದನ್ನು ತಿಳಿಯದ ಹಾಗೆ ಹೇಳಿದಾಗ. ಶೇಕಡಾ ಲೆಕ್ಕ ಇರಲಿ, ಪಹಣಿ ತಿದ್ದುಪಡಿ ಇರಲಿ, ಬೆಳೆ ವಿಮೆ ಇರಲಿ, ನೀವು ಮಾಡುತ್ತಿರುವುದು ಒಂದೇ ಕೆಲಸ. ಜನ ಹೆದರುವ, ಗೋಜಲಾದ ಒಂದು ವಿಷಯವನ್ನು ಹಿಡಿದು, ಮೊದಲು ಇದು, ಆಮೇಲೆ ಇದು ಎಂದು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಅವರ ಕೈಗೆ ಕೊಡುವುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲರಿಗೂ ನೆರವಾಗುವವರೆಲ್ಲ ಅದರಲ್ಲಿ ಬಲ ಇರುವವರೇ ಆಗಿರಬೇಕಿಲ್ಲ. ‘ಆಗಲ್ಲ’ ಎನ್ನಲು ಬಾಯಿ ಬಾರದೆ ಸಿಕ್ಕಿಬೀಳುವವರೂ ಇದ್ದಾರೆ. ಅಂಥವರನ್ನು ಜನರ ನಡುವಿನ ಉದ್ಯೋಗಕ್ಕೆ ದೂಡಿದರೆ ಅವರು ಬೇಗ ಬಸವಳಿಯುತ್ತಾರೆ. ನೀವು ಯಾವ ಗುಂಪು ಎಂದು ಯೋಚಿಸುತ್ತಿದ್ದಾಗ ನನಗೆ ಕಂಡದ್ದು ಡೇರಿಯ ಗೋಡೆಯ ಆ ಹಾಳೆ. ಅದನ್ನು ಬರೆಯಿರೆಂದು ಯಾರೂ ಕೇಳಿರಲಿಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಮಾಡಿದ್ದೂ ಅಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಕಾಣುವಂತೆ ಮಾಡಬೇಕೆಂದು ನಿಮಗೇ ಹೊಳೆಯಿತು, ಬೈಸಿಕೊಂಡರೂ ಮಾಡಿದಿರಿ. ಕೇಳದೆಯೂ ಮಾಡುವ ಕೆಲಸ, ಮುಗಿದ ಮೇಲೆ ದಣಿವಿನ ಜೊತೆಗೆ ಇನ್ನೂ ಚೆನ್ನಾಗಿ ಮಾಡಬಹುದಿತ್ತಲ್ಲ ಎಂಬ ಯೋಚನೆ ಹುಟ್ಟಿಸುವ ಕೆಲಸ, ಅದನ್ನು ಧೈರ್ಯವಾಗಿ ಬಲ ಎಂದು ಕರೆಯಬಹುದು.

ಹಾಗಿದ್ದರೆ ನಾಲ್ಕು ವರ್ಷದ ಪರೀಕ್ಷೆಗಳಲ್ಲಿ ಅದು ಯಾಕೆ ಕಾಣಲಿಲ್ಲ? ನಿಮ್ಮ ಜಿಲ್ಲೆಯವರೇ ಚೆನ್ನಾಗಿ ಬಲ್ಲ ಒಂದು ಮಾತು ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ ಪೇಟೆಯಲ್ಲಿ ಬೆಲೆ ಅದರ ಕಡುಗೆಂಪು ಬಣ್ಣಕ್ಕೆ. ಖಾರ ಅದರಲ್ಲಿ ಕಡಿಮೆ. ಖಾರವೊಂದನ್ನೇ ಅಳೆದು ಪಟ್ಟಿ ಮಾಡಿದರೆ ಬ್ಯಾಡಗಿ ಕೆಳಗೆ ಬೀಳುತ್ತದೆ. ನೀವು ಬರೆದ ಪರೀಕ್ಷೆಗಳು ಅಳೆಯುವುದು ಕಡಿಮೆ ಸಮಯದಲ್ಲಿ ಬಿಡಿಬಿಡಿ ಸಂಗತಿಗಳನ್ನು ನೆನಪಿಗೆ ತರುವ ವೇಗವನ್ನು. ಲಕ್ಷಾಂತರ ಅರ್ಜಿಗಳನ್ನು ಸೋಸಲು ನೇಮಕಾತಿ ಮಾಡುವವರಿಗೆ ಅಂಥದ್ದೊಂದು ಜರಡಿ ಬೇಕಾಗುತ್ತದೆ. ಆ ಜರಡಿಯಲ್ಲಿ ಉಳಿಯದೆ ಹೋದದ್ದರಿಂದ ನಿಮ್ಮಲ್ಲಿ ಏನೂ ಇಲ್ಲವೆಂದು ಸಾಬೀತಾಗುವುದಿಲ್ಲ.

ಹಾಗೆಂದು ‘ನನಗೆ ನೆನಪಿನ ಶಕ್ತಿ ಇಲ್ಲ’ ಎಂದು ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ನೆನಪು ಬಹುಪಾಲು ಅಭ್ಯಾಸದ ವಿಷಯ. ಒಂದೇ ಪುಟವನ್ನು ಮತ್ತೆ ಮತ್ತೆ ಓದುವವರಿಗಿಂತ, ಪುಸ್ತಕ ಮುಚ್ಚಿಟ್ಟು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವವರು, ಅದನ್ನೇ ಕೆಲವು ದಿನ ಬಿಟ್ಟು ಮತ್ತೆ ಮಾಡುವವರು ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಗೆಳೆಯರಿಗೆ ಲೆಕ್ಕ ಹೇಳಿಕೊಟ್ಟಂತೆ ಸಂವಿಧಾನದ ವಿಧಿಗಳನ್ನೂ ಹೇಳಿಕೊಡಿ. ನಿಮ್ಮ ತಲೆಯಲ್ಲಿ ಅವು ನಿಲ್ಲುವ ದಾರಿ ಬಹುಶಃ ಅದೇ.

ಈಗ ಮೊದಲ ಪ್ಯಾರಾಕ್ಕೆ ಬರೋಣ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಬ್ಯಾಂಕ್ ಕ್ಲರ್ಕ್ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಈ ನಾಲ್ಕು ಹುದ್ದೆಗಳ ಒಂದೊಂದು ದಿನವನ್ನು ಪಕ್ಕಪಕ್ಕ ಇಟ್ಟು ನೋಡಿ. ಪಿಎಸ್‌ಐಗೆ ರಾತ್ರಿ ಗಸ್ತು, ಅಪಘಾತದ ಪಂಚನಾಮೆ, ಜಾತ್ರೆಯ ಬಂದೋಬಸ್ತು, ಕೋರ್ಟಿನ ಅಲೆದಾಟ. ಎಫ್‌ಡಿಎ ದಿನವಿಡೀ ಕಡತಗಳ ಜೊತೆ, ಟಿಪ್ಪಣಿ ಬರೆಯುತ್ತ ಕೂರಬೇಕು; ಜನರ ಮುಖ ಕಾಣುವುದು ಕಡಿಮೆ. ಬ್ಯಾಂಕಿನ ಕೌಂಟರಿನಲ್ಲಿ ವೇಗ ಮತ್ತು ತಪ್ಪಿಲ್ಲದ ಲೆಕ್ಕವೇ ಎಲ್ಲ. ಪಿಡಿಒಗೆ ಗ್ರಾಮಸಭೆ, ಕುಡಿಯುವ ನೀರಿನ ದೂರು, ತೆರಿಗೆ ವಸೂಲಿ, ಇ-ಸ್ವತ್ತು ದಾಖಲೆ, ಸದಸ್ಯರ ಒತ್ತಡ, ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ಅಜ್ಜಿ. ನಾಲ್ಕೂ ಹೊಂದುವ ಮನುಷ್ಯ ಅಪರೂಪ. ನಾಲ್ಕಕ್ಕೂ ಅರ್ಜಿ ಹಾಕಿದ ನೀವು ಹುಡುಕುತ್ತಿದ್ದುದು ಕೆಲಸವನ್ನಲ್ಲ, ಭದ್ರತೆಯನ್ನು.

ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಳೆ ನಂಬಿದ ಮೂರು ಎಕರೆಯ ಮನೆಯಲ್ಲಿ ತಿಂಗಳ ಸಂಬಳ ಎಂದರೆ ಏನು ಎಂದು ಬಲ್ಲವರು ಯಾರೂ ಸರ್ಕಾರಿ ನೌಕರಿಯ ಆಸೆಯನ್ನು ಹೀಯಾಳಿಸುವುದಿಲ್ಲ. ‘ನಿನ್ನ ಒಲವನ್ನು ಹಿಂಬಾಲಿಸು’ ಎಂಬ ಉಪದೇಶ ಬೆನ್ನ ಹಿಂದೆ ಆಸ್ತಿ ಇರುವವರಿಗೆ ಸುಲಭ. ಭದ್ರತೆಯನ್ನು ಒಂದು ಅಗತ್ಯವೆಂದು ಬೇರೆಯೇ ಬರೆದಿಟ್ಟುಕೊಳ್ಳಿ: ತಿಂಗಳಿಗೆ ಕನಿಷ್ಠ ಎಷ್ಟು ಬೇಕು, ಮನೆಗೆ ಎಷ್ಟು ಕಳಿಸಬೇಕು, ಯಾವಾಗಿನಿಂದ. ಆ ಮೊತ್ತ ಕಾಗದದ ಮೇಲೆ ಬಂದರೆ, ಸರ್ಕಾರಿ ನೌಕರಿಯಲ್ಲದೆ ಇನ್ನಾವ ದಾರಿಗಳು ಅದನ್ನು ಮುಟ್ಟುತ್ತವೆ ಎಂದು ನೋಡಲು ಸಾಧ್ಯ.

ವೃತ್ತಿ ಮಾರ್ಗದರ್ಶನವನ್ನು ಒಂದು ಶಾಸ್ತ್ರವಾಗಿ ಶುರು ಮಾಡಿದವರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಮೊದಲಿಗರು. ಎಂಜಿನಿಯರಿಂಗ್ ಓದಿ, ಶಿಕ್ಷಕನಾಗಿ, ವಕೀಲನಾಗಿ ಹಲವು ಕೆಲಸ ಕಂಡ ಮನುಷ್ಯ. 1908ರಲ್ಲಿ ಬಾಸ್ಟನ್ ನಗರದಲ್ಲಿ, ಕೆಲಸ ಹುಡುಕುವ ಯುವಜನರಿಗಾಗಿ ಒಂದು ಸಲಹಾ ಕೇಂದ್ರ ತೆರೆದರು. ಅದೇ ವರ್ಷ ತೀರಿಕೊಂಡರು. ಮರುವರ್ಷ ಹೊರಬಂದ ಅವರ ಪುಸ್ತಕದ ತಿರುಳು ಇಷ್ಟೇ: ನಿನ್ನನ್ನು ನೀನು ಅರಿ, ಕೆಲಸಗಳನ್ನು ಅರಿ, ಆಮೇಲೆ ಎರಡರ ನಡುವಿನ ಸಂಬಂಧವನ್ನು ಶಾಂತವಾಗಿ ಯೋಚಿಸು. ಶತಮಾನ ಕಳೆದರೂ ನಮ್ಮ ಮಕ್ಕಳಿಗೆ ಮೊದಲನೆಯದರ ಬಗ್ಗೆ ಮಾತ್ರ ಪರೀಕ್ಷೆಗಳ ಮೇಲೆ ಪರೀಕ್ಷೆ. ಎರಡನೆಯದನ್ನು, ಅಂದರೆ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂಬುದನ್ನು ಯಾರೂ ತೋರಿಸುವುದಿಲ್ಲ. ನನ್ನ ಮುಂದೆ ಬಂದು ಕೂರುವ ಯುವಕರಲ್ಲಿ ಹೆಚ್ಚಿನವರಿಗೆ ತಾವು ಬಯಸುವ ಹುದ್ದೆಯ ಸಂಬಳಶ್ರೇಣಿ ಬಾಯಿಪಾಠ. ಆ ಹುದ್ದೆಯಲ್ಲಿರುವವರು ನಿನ್ನೆ ಏನು ಮಾಡಿದರೆಂದು ಗೊತ್ತಿರುವುದಿಲ್ಲ.

ಪರೀಕ್ಷೆಯ ರೂಪದಲ್ಲೇ ಏನಾದರೂ ಬೇಕೆನಿಸಿದರೆ, ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞರ ಆರು ಬಗೆಯ ಆಸಕ್ತಿಗಳನ್ನು ಆಧರಿಸಿದ ಪ್ರಶ್ನಾವಳಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕೈಯಿಂದ ಮಾಡುವುದು, ಶೋಧಿಸುವುದು, ಸೃಜಿಸುವುದು, ಜನರಿಗೆ ನೆರವಾಗಿ ಕಲಿಸುವುದು, ಒಪ್ಪಿಸಿ ಮುನ್ನಡೆಸುವುದು, ದಾಖಲೆ-ಲೆಕ್ಕ ಒಪ್ಪವಾಗಿಡುವುದು ಎಂಬ ಆರರಲ್ಲಿ ಒಬ್ಬೊಬ್ಬರಲ್ಲಿ ಎರಡು ಮೂರು ಎದ್ದು ಕಾಣುತ್ತವೆ. ನಿಮ್ಮಲ್ಲಿ ನಾಲ್ಕನೆಯದು ಮತ್ತು ಆರನೆಯದು ಮುಂದಿರಬಹುದು ಎಂದು ನನ್ನ ಊಹೆ. ಆ ಪ್ರಶ್ನಾವಳಿ ಆಸಕ್ತಿಯನ್ನು ತೋರಿಸುತ್ತದೆ, ಸಾಮರ್ಥ್ಯವನ್ನಲ್ಲ ಎಂಬುದು ನೆನಪಿರಲಿ.

ನಿಮ್ಮ ಬಲಕ್ಕೆ ಹೊಂದುವ ಕೆಲಸಗಳಲ್ಲಿ ಕಲಿಸುವುದು ಮೊದಲು ಕಾಣುತ್ತದೆ. ಸರ್ಕಾರಿ ಶಿಕ್ಷಕರಾಗಲು ಎರಡು ವರ್ಷದ ಬಿ.ಇಡಿ., ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ಆಮೇಲೆ ನೇಮಕಾತಿ ಪರೀಕ್ಷೆ. ದಾರಿ ಉದ್ದ, ನೇಮಕಾತಿ ಯಾವಾಗ ಎಂಬುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಅಷ್ಟು ದೂರ ಹೋಗುವ ಮೊದಲು ಇಂದೇ ಒಂದು ಕೆಲಸ ಮಾಡಿ. ನೀವಿರುವುದು ಸಪ್ತಾಪುರದಲ್ಲಿ. ಸುತ್ತಲಿನ ಕೋಚಿಂಗ್ ಕೇಂದ್ರಗಳಲ್ಲಿ ರೀಸನಿಂಗ್ ಮತ್ತು ಲೆಕ್ಕ ಕಲಿಸಲು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಬೇಕೇ ಬೇಕು. ಒಂದು ಡೆಮೊ ತರಗತಿ ಕೊಡುತ್ತೇನೆ ಎಂದು ಕೇಳಿ. ಆಗ ರೂಮಿನ ಗೆಳೆಯರ ಬದಲು ಅರವತ್ತು ಅಪರಿಚಿತರು ಎದುರಿಗಿರುತ್ತಾರೆ. ಹಿಂದಿನ ಬೆಂಚಿನವನಿಗೂ ತಿಳಿಯಿತೇ, ಅದೇ ಪಾಠವನ್ನು ಮರುದಿನ ಇನ್ನೊಂದು ಬ್ಯಾಚಿಗೆ ಹೇಳುವಾಗ ನಿಮಗೆ ಬೇಸರ ಬಂತೇ ಎಂದು ಗಮನಿಸಿ. ಆ ಬೇಸರದ ಉತ್ತರ ಬಹಳ ಮುಖ್ಯ. ಒಬ್ಬನಿಗೆ ಬಿಡಿಸಿ ಹೇಳುವ ಖುಷಿ ಬೇರೆ, ವರ್ಷವರ್ಷವೂ ಅದೇ ಪಾಠ ಮಾಡುವ ತಾಳ್ಮೆ ಬೇರೆ. ಜೊತೆಗೆ ಕೈಗೆ ಒಂದಿಷ್ಟು ಹಣವೂ ಬರುತ್ತದೆ; ಅಡ್ಡಿಯೆಂದು ಬರೆದದ್ದಕ್ಕೆ ಬೆಲೆ ಕಟ್ಟುವವರಿದ್ದಾರೆ ಎಂದು ನಿಮಗೆ ತಿಳಿಯುವುದು ಹಣಕ್ಕಿಂತ ದೊಡ್ಡದು.

ಇನ್ನೊಂದು ದಾರಿ ರೈತರ ನಡುವೆಯೇ ಇದೆ. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಒಂದೊಂದು ಸಂಸ್ಥೆಗೆ ಮೂರು ವರ್ಷಗಳಲ್ಲಿ ನಿರ್ವಹಣೆಗೆಂದು ಗರಿಷ್ಠ 18 ಲಕ್ಷ ರೂಪಾಯಿ ನೆರವು ಎಂದು ಅದರಲ್ಲಿತ್ತು. ಈ ಸಂಸ್ಥೆಗಳು ಸೋಲಲು ಸದಸ್ಯರ ಅಪನಂಬಿಕೆಯೂ ಒಂದು ಕಾರಣ: ಷೇರು ಹಣ ಯಾಕೆ, ಲೆಕ್ಕ ಎಲ್ಲಿ, ನನಗೇನು ಸಿಗುತ್ತದೆ ಎಂಬುದನ್ನು ರೈತನಿಗೆ ಅವನ ಭಾಷೆಯಲ್ಲಿ ಬಿಡಿಸಿ ಹೇಳುವವರಿರುವುದಿಲ್ಲ. ಮುಖ್ಯ ಕಾರ್ಯನಿರ್ವಾಹಕ ಹುದ್ದೆಗೆ ಕೃಷಿ ಅಥವಾ ವ್ಯವಹಾರ ನಿರ್ವಹಣೆ ಓದಿದವರಿಗೆ ಆದ್ಯತೆ. ಆದರೆ ಸದಸ್ಯರ ನೋಂದಣಿ, ಸಭೆ, ತರಬೇತಿಯ ಕೆಲಸಕ್ಕೆ ನಿಮ್ಮಂಥವರು ಬೇಕು. ಸಂಬಳ ಕಡಿಮೆ, ನೆರವಿನ ಅವಧಿ ಮುಗಿದ ಮೇಲೆ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಕೆಲಸವೂ ಉಳಿಯುವುದಿಲ್ಲ. ಇದನ್ನು ತಿಳಿದೇ ಕಾಲಿಡಿ. ಸರ್ಕಾರಿ ಸೇವೆಗಳನ್ನು ಊರಲ್ಲೇ ಒದಗಿಸುವ ಗ್ರಾಮ ಒನ್ ಕೇಂದ್ರ ನಡೆಸುವುದು ನಿಮ್ಮ ಬಲಕ್ಕೆ ತೀರಾ ಹತ್ತಿರದ ಕೆಲಸ. ಆದಾಯ ಮಾತ್ರ ಬರುವ ಜನರ ಸಂಖ್ಯೆಯ ಮೇಲೆ ನಿಂತಿರುವುದರಿಂದ, ಸಣ್ಣ ಊರಿನಲ್ಲಿ ಅದೊಂದನ್ನೇ ನಂಬಬೇಡಿ ಎನ್ನುತ್ತೇನೆ.

ಓದು ಮುಂದುವರಿಸುವ ಮನಸ್ಸಿದ್ದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳಲ್ಲಿ ಎಂ.ಎ. ಇದೆ. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಅಲ್ಲಿ ಓದಿದವರು ಶಾಲೆಗಳೊಂದಿಗೆ, ಪಂಚಾಯಿತಿಗಳೊಂದಿಗೆ ಕೆಲಸ ಮಾಡುವ ಸಂಸ್ಥೆಗಳಿಗೆ ಹೋಗುತ್ತಾರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂಬುದಕ್ಕೆ ಅಂಜಿ ಅರ್ಜಿಯನ್ನೇ ಹಾಕದಿರಬೇಡಿ.

ಪಿಡಿಒ ಹುದ್ದೆಯನ್ನು ನಾನು ನಿಮ್ಮ ಪಟ್ಟಿಯಿಂದ ತೆಗೆಯುವುದಿಲ್ಲ. ನಾಲ್ಕರಲ್ಲಿ ನಿಮಗೆ ಹೊಂದುವುದು ಅದೊಂದೇ. ಪರೀಕ್ಷೆ ನಿಮ್ಮ ಸ್ವಭಾವಕ್ಕೆ ಒಗ್ಗದಿದ್ದರೂ ಕೆಲಸ ಒಗ್ಗುತ್ತದೆ. ಪಿಎಸ್‌ಐ, ಬ್ಯಾಂಕ್, ಎಫ್‌ಡಿಎ ಮೂರನ್ನೂ ಬಿಟ್ಟು, ಆ ಸಮಯವನ್ನೆಲ್ಲ ಇದಕ್ಕೆ ಕೊಡಿ. ನಾಲ್ಕು ದೋಣಿಯಲ್ಲಿ ಕಾಲಿಟ್ಟಿದ್ದರಿಂದಲೇ ಎರಡು ಸಲ ಕಟ್‌ಆಫ್ ಹತ್ತಿರ ಬಂದು ತಪ್ಪಿರಬಹುದು.

ಮುಂದಿನ ಕೆಲವು ವಾರಗಳಲ್ಲಿ ಒಬ್ಬ ಪಿಡಿಒ, ಒಬ್ಬ ಪ್ರೌಢಶಾಲಾ ಶಿಕ್ಷಕಿ, ರೈತ ಉತ್ಪಾದಕ ಸಂಸ್ಥೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಭೇಟಿಯಾಗಿ. ‘ಕೆಲಸ ಹೇಗಿದೆ ಸಾರ್’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ’ ಎಂದು ಕೇಳಿ. ಯಾವುದಕ್ಕೆ ಬೇಸರವಾಯಿತು, ಯಾವುದು ಮನೆಗೆ ಹೋದ ಮೇಲೂ ತಲೆಯಲ್ಲಿ ಉಳಿಯಿತು ಎಂದು ಕೇಳಿ. ಅವರು ಹೇಳುವ ದಿನದೊಳಗೆ ನಿಮ್ಮನ್ನೇ ಇಟ್ಟು ನೋಡಿ.

ಆಡಳಿತ ಚಿಂತಕ ಪೀಟರ್ ಡ್ರಕರ್ 1999ರಲ್ಲಿ ಬರೆದ ‘ಮ್ಯಾನೇಜಿಂಗ್ ಒನ್‌ಸೆಲ್ಫ್’ ಎಂಬ ಪ್ರಬಂಧದಲ್ಲಿ ಒಂದು ಸರಳ ಪದ್ಧತಿ ಇದೆ. ಏನಾದರೂ ಮುಖ್ಯ ನಿರ್ಧಾರ ಮಾಡಿದಾಗ ಅದರಿಂದ ಏನಾಗಬಹುದೆಂದು ಬರೆದಿಡುವುದು. ಒಂಬತ್ತು ಹನ್ನೆರಡು ತಿಂಗಳ ನಂತರ ಆದದ್ದನ್ನು ಬರೆದದ್ದರ ಜೊತೆ ಹೋಲಿಸುವುದು. ಎಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಮಾಡಿದೆವೋ ಅಲ್ಲಿ ನಮ್ಮ ಬಲ ಇರುತ್ತದೆ. ನೀವು ಡೆಮೊ ತರಗತಿಗೆ ಹೋಗುವ ಮುನ್ನ, ಪರೀಕ್ಷೆಗೆ ಕೂರುವ ಮುನ್ನ ನಾಲ್ಕು ಸಾಲು ಬರೆದಿಡಿ. ಸೋತಾಗ ಮನಸ್ಸು ‘ನನ್ನಿಂದ ಏನೂ ಆಗಲ್ಲ’ ಎನ್ನುತ್ತದೆ, ಗೆದ್ದಾಗ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತದೆ. ಬರೆದ ಕಾಗದ ಎರಡನ್ನೂ ತಡೆಯುತ್ತದೆ.

ಕೊನೆಯದಾಗಿ ನಿಮ್ಮ ತಂದೆ. ಅವರು ಬೈದದ್ದು ಹಾಳೆ ಅಂಟಿಸಿದ್ದಕ್ಕೆ ಎಂದು ನಿಮಗನ್ನಿಸಿದೆ. ಮಗ ಧಾರವಾಡದಲ್ಲಿ ಓದುತ್ತಿದ್ದಾನೆ ಎಂದು ನಾಲ್ಕು ವರ್ಷದಿಂದ ಊರಿಗೆ ಉತ್ತರ ಹೇಳುತ್ತಿರುವವರು ಅವರು. ಅವರಿಗೆ ಕಾಣುತ್ತಿರುವುದು ಖರ್ಚು ಮತ್ತು ಸರಿಯುತ್ತಿರುವ ವಯಸ್ಸು. ಅವರ ಮುಂದೆ ‘ನನಗೆ ಬೇರೆ ಪ್ರತಿಭೆ ಇದೆ’ ಎಂದು ಹೇಳಿದರೆ ಅವರ ಭಯ ಹೆಚ್ಚೀತು. ಗಡುವು ಹೇಳಿ, ಲೆಕ್ಕ ಹೇಳಿ: ಪಿಡಿಒ ಪರೀಕ್ಷೆ ಇನ್ನೊಂದು ಸಲ ಮಾತ್ರ, ಅಲ್ಲಿಯವರೆಗೆ ಪಾಠ ಹೇಳಿ ರೂಮಿನ ಖರ್ಚು ನಾನೇ ನೋಡಿಕೊಳ್ಳುತ್ತೇನೆ, ಆಗದಿದ್ದರೆ ಬರುವ ಶೈಕ್ಷಣಿಕ ವರ್ಷಕ್ಕೆ ಬಿ.ಇಡಿ. ಅಥವಾ ಎಂ.ಎ. ಸೇರುತ್ತೇನೆ. ಡೆಮೊ ತರಗತಿಯ ಮೊದಲ ಸಂಭಾವನೆ ಕೈಗೆ ಬಂದ ಮೇಲೆ ಈ ಮಾತು ಎತ್ತಿ, ಫೋನಿನಲ್ಲಿ ಬೇಡ, ಊರಿಗೆ ಹೋಗಿ ಕೂತು ಮಾತಾಡಿ. ಪಿಡಿಒ, ಶಿಕ್ಷಕಿ, ರೈತ ಸಂಸ್ಥೆಯವರು, ಆ ಮೂವರನ್ನು ಭೇಟಿಯಾದ ಮೇಲೆ ಅವರು ಹೇಳಿದ್ದನ್ನು ಬರೆದು ನನಗೂ ಕಳಿಸಿ, ಬಿ.ಇಡಿ.ಯೋ ಎಂ.ಎ.ಯೋ ಎಂಬುದನ್ನು ಅದನ್ನು ಮುಂದಿಟ್ಟುಕೊಂಡು ಚರ್ಚಿಸೋಣ.